ಬೇಳೆ, ಮೊಟ್ಟೆ, ಮೀನು ನಿಲ್ಲಿಸಿದರೆ ಕ್ಯಾನ್ಸರ್ ಸೊರಗುತ್ತದೆಯೇ?

ಪ್ರಶ್ನೆ: ನಾವು ಕುಮಟಾ ಕಡೆಯವರು. ಅಪ್ಪನಿಗೆ 62 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿದೆ, ಈಗ ಕೀಮೋ ನಡೆಯುತ್ತಿದೆ. ಕ್ಯಾನ್ಸರ್ ಕೋಶಕ್ಕೆ ಅಮೈನೊ ಆಮ್ಲ ಸಿಗದಂತೆ ಮಾಡಿದರೆ ಅದು ಹಸಿದು ಸಾಯುತ್ತದೆ, ಪ್ರೋಟೀನ್ ತಿಂದರೆ ಗಡ್ಡೆ ಬೆಳೆಯುತ್ತದೆ ಎಂದು ಅಣ್ಣ ಮೊಬೈಲಿನಲ್ಲಿ ನೋಡಿದ. ಅಂದಿನಿಂದ ಬೇಳೆ, ಮೊಟ್ಟೆ, ಹಾಲು, ಮೀನು ಎಲ್ಲ ಬಂದ್. ಮೀನು ಹೇಗೂ ನಂಜು ಎಂದು ಸೋದರತ್ತೆಯೂ ಹೇಳಿದರು. ಈಗ ಮೂರು ಹೊತ್ತೂ ಗಂಜಿ, ಉಪ್ಪಿನಕಾಯಿ, ಒಂದು ಕಷಾಯ. ತಿಂಗಳಲ್ಲಿ ತೂಕ 61 ಕಿಲೋದಿಂದ 55ಕ್ಕೆ ಇಳಿದಿದೆ. ಇದು ಸರಿಯಾ? ಕ್ಯಾನ್ಸರನ್ನು ಹಸಿವಿನಿಂದ ಕೊಲ್ಲುವ ಇಂಜೆಕ್ಷನ್ ನಿಜವಾಗಿಯೂ ಇದೆಯಾ? ಇದ್ದರೆ ಅಪ್ಪನಿಗೆ ಕೊಡಿಸಬಹುದಾ?

ಉತ್ತರ: ಸರಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಉದ್ದದ ಉತ್ತರ ಓದಿ ಮುಗಿಸುವಷ್ಟರಲ್ಲಿ ನಿಮ್ಮ ತಂದೆಯವರ ಇನ್ನೊಂದು ಹೊತ್ತಿನ ಊಟ ಬರೀ ಗಂಜಿಯಲ್ಲಿ ಕಳೆದುಹೋಗಬಾರದು. ಬೇಳೆ, ಮೊಟ್ಟೆ, ಮೊಸರನ್ನು ಇವತ್ತಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಮತ್ತೆ ಕೊಡಲು ಶುರು ಮಾಡಿ. ಎಷ್ಟು, ಹೇಗೆ ಎನ್ನುವುದನ್ನು ಮುಂದೆ ಬರೆದಿದ್ದೇನೆ.

ಆದರೆ ಅಣ್ಣನ ಮೇಲೆ ಸಿಟ್ಟಾಗಬೇಡಿ. ಅವರು ನೋಡಿದ್ದು ಪೂರ್ತಿ ಕಟ್ಟುಕಥೆಯಲ್ಲ. ಅಮೈನೊ ಆಮ್ಲ ಕಸಿದುಕೊಂಡು ಕ್ಯಾನ್ಸರ್ ಕೋಶವನ್ನು ಕೊಲ್ಲುವ ಚಿಕಿತ್ಸೆ ಇದೆ. ಅದರಿಂದ ಲಕ್ಷಾಂತರ ಮಕ್ಕಳು ಬದುಕಿದ್ದಾರೆ. ಆ ಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆ ಎಂದು ಸರಿಯಾಗಿ ತಿಳಿದರೆ, ಅದನ್ನು ಅಡುಗೆಮನೆಯಲ್ಲಿ ಮಾಡಲು ಯಾಕೆ ಬರುವುದಿಲ್ಲ ಎನ್ನುವುದೂ ತಾನಾಗಿ ಗೊತ್ತಾಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾವು ತಿನ್ನುವ ಪ್ರೋಟೀನ್ ಯಾವುದೇ ಇರಲಿ, ತೊಗರಿಬೇಳೆಯದ್ದಾಗಲಿ ಬಂಗಡೆಯದ್ದಾಗಲಿ, ಹೊಟ್ಟೆಯಲ್ಲಿ ಒಡೆದು ಅಮೈನೊ ಆಮ್ಲಗಳಾಗುತ್ತದೆ. ಇವು ಒಟ್ಟು 20 ಬಗೆ. ಇದರಲ್ಲಿ 9 ಬಗೆಯವನ್ನು ನಮ್ಮ ದೇಹ ತಯಾರಿಸಲಾರದು, ಊಟದಿಂದಲೇ ಬರಬೇಕು. ಉಳಿದ 11ನ್ನು ದೇಹವೇ ಮಾಡಿಕೊಳ್ಳುತ್ತದೆ. ಸ್ನಾಯು, ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನ್, ಸೋಂಕಿನ ವಿರುದ್ಧ ಹೋರಾಡುವ ಆಂಟಿಬಾಡಿ, ಗಾಯದ ಮೇಲೆ ಬೆಳೆಯುವ ಹೊಸ ಚರ್ಮ, ಎಲ್ಲವೂ ಈ 20ರಿಂದಲೇ ಆಗುವುದು. ಕ್ಯಾನ್ಸರ್ ಕೋಶವೂ ಅಷ್ಟೇ. ಬೇಗ ಬೇಗ ಎರಡಾಗುವ ಕೋಶಕ್ಕೆ ಅಮೈನೊ ಆಮ್ಲ ಜಾಸ್ತಿ ಬೇಕು. ಇಲ್ಲಿಯವರೆಗೆ ನಿಮ್ಮ ಅಣ್ಣ ಹೇಳಿದ್ದು ಸರಿಯೇ.

1953ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಜಾನ್ ಕಿಡ್ ಎಂಬ ವಿಜ್ಞಾನಿ ಒಂದು ವಿಚಿತ್ರ ಸಂಗತಿ ಗಮನಿಸಿದರು. ಲಿಂಫೋಮ ಎಂಬ ಕ್ಯಾನ್ಸರ್ ಇದ್ದ ಇಲಿಗಳಿಗೆ ಗಿನಿಪಿಗ್‌ನ ರಕ್ತದ ಸೀರಮ್ ಚುಚ್ಚಿದರೆ ಗಡ್ಡೆ ಕರಗುತ್ತಿತ್ತು. ಕುದುರೆಯ ಸೀರಮ್ ಕೊಟ್ಟರೆ ಏನೂ ಆಗಲಿಲ್ಲ. ಮೊಲದ್ದು ಕೊಟ್ಟರೂ ಇಲ್ಲ. ಗಿನಿಪಿಗ್‌ನಲ್ಲಿ ಮಾತ್ರ ಏನಿದೆ? ಉತ್ತರ ಸಿಗಲು ಎಂಟು ವರ್ಷ ಹಿಡಿಯಿತು. 1961ರಲ್ಲಿ ಜಾನ್ ಬ್ರೂಮ್ ಅದನ್ನು ಬಿಡಿಸಿದರು. ಗಿನಿಪಿಗ್‌ನ ರಕ್ತದಲ್ಲಿ ಆಸ್ಪ್ಯಾರಜಿನೇಸ್ ಎಂಬ ಕಿಣ್ವ (ಎಂಜೈಮ್) ತುಂಬಾ ಇರುತ್ತದೆ. ರಕ್ತದಲ್ಲಿ ಆಸ್ಪ್ಯಾರಜಿನ್ ಎಂಬ ಒಂದು ಅಮೈನೊ ಆಮ್ಲ ಹರಿಯುತ್ತಿರುತ್ತದಲ್ಲ, ಅದನ್ನು ಈ ಕಿಣ್ವ ಒಡೆದು ಹಾಕುತ್ತದೆ. 1964ರಲ್ಲಿ ಇದೇ ಕೆಲಸ ಮಾಡುವ ಕಿಣ್ವವನ್ನು ಇ. ಕೋಲಿ ಬ್ಯಾಕ್ಟೀರಿಯದಿಂದಲೂ ತೆಗೆದರು. ಗಿನಿಪಿಗ್‌ಗಳಿಂದ ಎಷ್ಟು ರಕ್ತ ತೆಗೆಯಲು ಸಾಧ್ಯ? ಬ್ಯಾಕ್ಟೀರಿಯವಾದರೆ ಟ್ಯಾಂಕುಗಟ್ಟಲೆ ಬೆಳೆಸಬಹುದು. ಅಲ್ಲಿಂದ ಇದು ಔಷಧಿಯಾಯಿತು. 1978ರಲ್ಲಿ ಅಮೆರಿಕದಲ್ಲಿ ಅಧಿಕೃತ ಒಪ್ಪಿಗೆ ಸಿಕ್ಕಿತು. ದೇಹದಲ್ಲಿ ಹೆಚ್ಚು ದಿನ ಉಳಿಯುವ ಸುಧಾರಿತ ರೂಪಕ್ಕೆ 1994ರಲ್ಲಿ ಒಪ್ಪಿಗೆ ಬಂತು. ಇವತ್ತು ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ರಕ್ತದ ಕ್ಯಾನ್ಸರ್, ಅಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಕ್ಕೆ, ಇದಿಲ್ಲದೆ ಚಿಕಿತ್ಸೆ ಇಲ್ಲ ಎನ್ನಬಹುದು. ನಮ್ಮ ದೇಶದಲ್ಲೂ ಸಿಗುತ್ತದೆ, ದಿನಾ ಬಳಕೆಯಲ್ಲಿದೆ.

ಇನ್ನು ಮುಖ್ಯ ಪ್ರಶ್ನೆ. ರಕ್ತದಿಂದ ಆಸ್ಪ್ಯಾರಜಿನ್ ತೆಗೆದರೆ ಕ್ಯಾನ್ಸರ್ ಕೋಶ ಮಾತ್ರ ಯಾಕೆ ಸಾಯಬೇಕು? ಮಗುವಿನ ಉಳಿದ ಕೋಶಗಳು ಯಾಕೆ ಸಾಯುವುದಿಲ್ಲ?

ಹೀಗೆ ತಿಳಿದುಕೊಳ್ಳಿ. ಊರಲ್ಲಿ ಹಿತ್ತಲಿರುವ ಮನೆಗಳಿವೆ, ಹಿತ್ತಲಿಲ್ಲದ ಮನೆಗಳೂ ಇವೆ. ಹಿತ್ತಲಿದ್ದವರು ಬಸಳೆ, ತೊಂಡೆಕಾಯಿ ಬೆಳೆದುಕೊಳ್ಳುತ್ತಾರೆ. ಇಲ್ಲದವರು ಸಂತೆಯಿಂದಲೇ ತರಬೇಕು. ಒಂದು ತಿಂಗಳು ಸಂತೆ ನಿಂತರೆ ಹಿತ್ತಲಿದ್ದವರಿಗೆ ಸ್ವಲ್ಪ ತೊಂದರೆ, ಇಲ್ಲದವರಿಗೆ ಪೂರ್ತಿ ತೊಂದರೆ. ಆಸ್ಪ್ಯಾರಜಿನ್ ವಿಷಯದಲ್ಲಿ ನಮ್ಮ ದೇಹದ ಹೆಚ್ಚಿನ ಕೋಶಗಳಿಗೆ ಹಿತ್ತಲಿದೆ. ಅದನ್ನು ತಯಾರಿಸುವ ಕಿಣ್ವ ಅವುಗಳ ಒಳಗೇ ಇದೆ. ಈ ಲ್ಯುಕೇಮಿಯದ ಕೋಶಗಳಲ್ಲಿ ಆ ಕಿಣ್ವ ತೀರಾ ಕಡಿಮೆ. ಅವು ರಕ್ತದಲ್ಲಿ ಬರುವುದನ್ನೇ ನಂಬಿಕೊಂಡಿವೆ. ಔಷಧಿ ಸಂತೆ ಮುಚ್ಚಿಸುತ್ತದೆ, ಅಷ್ಟೇ.

ಅಂದರೆ ಈ ಚಿಕಿತ್ಸೆಗೆ ಎರಡು ಷರತ್ತು ಕೂಡಿಬರಬೇಕು. ರಕ್ತದಲ್ಲಿರುವ ಒಂದೇ ಒಂದು ಅಮೈನೊ ಆಮ್ಲವನ್ನು ಹೆಚ್ಚುಕಡಿಮೆ ಪೂರ್ತಿ ಖಾಲಿ ಮಾಡಬೇಕು. ಮತ್ತು ಆ ಕ್ಯಾನ್ಸರ್ ಅದೊಂದನ್ನು ತಾನೇ ತಯಾರಿಸಲಾರದ ಸ್ಥಿತಿಯಲ್ಲಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಕೆಲಸ ಆಗುವುದಿಲ್ಲ.

ಗಂಜಿ ಪಥ್ಯದಲ್ಲಿ ಎರಡೂ ತಪ್ಪುತ್ತವೆ. ಹೇಗೆ ಎಂದು ಲೆಕ್ಕ ಹಾಕೋಣ. ನಮ್ಮ ದೇಹ ದಿನಕ್ಕೆ ಸುಮಾರು 250ರಿಂದ 300 ಗ್ರಾಂ ಪ್ರೋಟೀನನ್ನು ಒಡೆದು ಮತ್ತೆ ಕಟ್ಟುತ್ತಿರುತ್ತದೆ. ಹಳೆಯದನ್ನು ಬಿಚ್ಚಿ ಅದೇ ಸಾಮಾನಿನಿಂದ ಹೊಸದು. ನಾವು ಊಟದಲ್ಲಿ ತಿನ್ನುವುದು 50–60 ಗ್ರಾಂ ಮಾತ್ರ. ರಕ್ತದಲ್ಲಿ ಓಡಾಡುವ ಅಮೈನೊ ಆಮ್ಲದ ದೊಡ್ಡ ಪಾಲು ಬರುವುದು ದೇಹದ ಒಳಗಿನಿಂದಲೇ. ಊಟ ನಿಲ್ಲಿಸಿದರೆ ರಕ್ತದ ಮಟ್ಟ ಕುಸಿಯಲು ದೇಹ ಬಿಡುವುದಿಲ್ಲ. ತೊಡೆ, ತೋಳು, ಬೆನ್ನಿನ ಸ್ನಾಯುಗಳನ್ನು ಕರಗಿಸಿ ರಕ್ತಕ್ಕೆ ತುಂಬಿಸುತ್ತದೆ. ಅದು ಹರಿದು ಎಲ್ಲ ಕೋಶಕ್ಕೂ ಹೋಗುತ್ತದೆ, ಗಡ್ಡೆಗೂ ಹೋಗುತ್ತದೆ. ನೀವು ತಟ್ಟೆಯಿಂದ ತೆಗೆದ ಬೇಳೆಯ ಬದಲು ಅಪ್ಪನ ತೊಡೆಯ ಮಾಂಸ ಹೋಗುತ್ತಿದೆ. ಹೀಗೆ ಬರೆಯಲು ನನಗೆ ಸಂಕಟವಾಗುತ್ತದೆ. ಆದರೆ ತಿಂಗಳಲ್ಲಿ ಆರು ಕಿಲೋ ಇಳಿದಿದ್ದರಲ್ಲಿ ಬಹಳಷ್ಟು ಹೀಗೇ ಹೋಗಿರುತ್ತದೆ.

ಒಂದು ಕೆಲಸ ಮಾಡಿ ನೋಡಿ. ಅವರ ಕಿವಿಯ ಮುಂದೆ ಹಣೆಯ ಪಕ್ಕದಲ್ಲಿ ತಗ್ಗು ಬಿದ್ದಿದೆಯಾ? ಕೊರಳ ಕೆಳಗಿನ ಎಲುಬು ಮೊದಲಿಗಿಂತ ಎದ್ದು ಕಾಣುತ್ತಿದೆಯಾ? ಕುರ್ಚಿಯಿಂದ ಏಳುವಾಗ ಕೈ ಊರುತ್ತಾರಾ? ಇವು ಸ್ನಾಯು ಕರಗಿದ ಗುರುತುಗಳು. ಕ್ಯಾನ್ಸರ್ ಇದ್ದವರಲ್ಲಿ ಕಾಯಿಲೆಯೂ ಸ್ನಾಯುವನ್ನು ಕರಗಿಸುತ್ತಿರುತ್ತದೆ. ಅದರ ಜೊತೆ ಉಪವಾಸವನ್ನೂ ಸೇರಿಸಿದರೆ ಇಳಿಯುವ ವೇಗ ಇನ್ನೂ ಹೆಚ್ಚುತ್ತದೆ. ಹೀಗೆ ಸೊರಗಿದವರು ಕೀಮೋ ತಡೆದುಕೊಳ್ಳುವುದು ಕಷ್ಟ. ಬಾಯಿಹುಣ್ಣು, ಬೇಧಿ, ಸೋಂಕು ಎಲ್ಲ ಅವರನ್ನು ಬೇಗ ಹಿಡಿಯುತ್ತವೆ. ಕೀಮೋ ಮುಂದಕ್ಕೆ ಹಾಕಬೇಕಾಗುತ್ತದೆ, ಇಲ್ಲವೇ ಡೋಸ್ ಇಳಿಸಬೇಕಾಗುತ್ತದೆ. ಗಡ್ಡೆಗೆ ಅನುಕೂಲ ಆಗುವುದು ಆಗ.

ಆಸ್ಪ್ಯಾರಜಿನೇಸ್ ಎಷ್ಟು ಚೂಪಾದ ಆಯುಧ ಎಂದು ತಿಳಿಯಲು ಅದನ್ನು ಮಕ್ಕಳ ವಾರ್ಡಿನಲ್ಲಿ ಹೇಗೆ ಕೊಡುತ್ತಾರೆ ಎಂದು ನೋಡಬೇಕು. ಫ್ರಿಜ್‌ನಿಂದ ಪುಟ್ಟ ಬಾಟಲಿ ತೆಗೆಯುತ್ತಾರೆ. ಒಳಗೆ ಬಿಳಿ ಪುಡಿ. ದ್ರಾವಣ ಹಾಕಿ ಮೆಲ್ಲಗೆ ತಿರುಗಿಸುತ್ತಾರೆ. ಜೋರಾಗಿ ಕುಲುಕಿದರೆ ನೊರೆ ಬಂದು ಕಿಣ್ವ ಕೆಡುತ್ತದೆ. ಹೆಚ್ಚಾಗಿ ಮಗುವಿನ ತೊಡೆಗೆ ಚುಚ್ಚುತ್ತಾರೆ, ಔಷಧಿ ಜಾಸ್ತಿಯಿದ್ದರೆ ಎರಡೂ ತೊಡೆಗೆ ಹಂಚುತ್ತಾರೆ. ಆಮೇಲೆ ಒಂದು ಗಂಟೆ ಮಗುವನ್ನು ಕಣ್ಣಳತೆಯಿಂದ ದೂರ ಬಿಡುವುದಿಲ್ಲ. ಪಕ್ಕದ ಟ್ರೇಯಲ್ಲಿ ಅಡ್ರಿನಲಿನ್, ಸ್ಟಿರಾಯ್ಡ್, ಹತ್ತಿರದಲ್ಲೇ ಆಕ್ಸಿಜನ್. ಯಾಕೆಂದರೆ ಇದು ಬ್ಯಾಕ್ಟೀರಿಯದ ಪ್ರೋಟೀನು. ಕೆಲವು ಮಕ್ಕಳಿಗೆ ಮೈ ದದ್ದೆದ್ದು ಉಸಿರು ಕಟ್ಟುವಷ್ಟು ಅಲರ್ಜಿ ಆಗುತ್ತದೆ. ಮುಂದಿನ ದಿನಗಳಲ್ಲಿ ಮಗು ಹೊಟ್ಟೆನೋವು ಎಂದರೆ ಯಾರೂ ಸುಮ್ನೆ ಗ್ಯಾಸ್ ಎಂದು ಬಿಡುವುದಿಲ್ಲ, ಮೇದೋಜೀರಕ ಗ್ರಂಥಿ ಊದಿದೆಯಾ ಎಂದು ಪರೀಕ್ಷೆ ಮಾಡುತ್ತಾರೆ. ರಕ್ತದ ಸಕ್ಕರೆ ಏರಬಹುದು. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳನ್ನು ಲಿವರ್ ಸರಿಯಾಗಿ ಮಾಡಲಾರದೆ, ಒಮ್ಮೊಮ್ಮೆ ರಕ್ತನಾಳದಲ್ಲಿ ಹೆಪ್ಪು ಕಟ್ಟುತ್ತದೆ, ಒಮ್ಮೊಮ್ಮೆ ರಕ್ತಸ್ರಾವ ಆಗುತ್ತದೆ. ಒಂದೇ ಅಮೈನೊ ಆಮ್ಲವನ್ನು ನಿಜವಾಗಿ ಖಾಲಿ ಮಾಡಿದರೆ ದೇಹ ಇಷ್ಟೆಲ್ಲ ಬೆಲೆ ತೆರುತ್ತದೆ. ಮಕ್ಕಳಿಗೆ ಈ ಬೆಲೆ ತೆರಲು ನಾವು ಒಪ್ಪುವುದು, ಅದರಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ಗೊತ್ತಿರುವುದರಿಂದ.

ಅಲ್ಲೂ ಇದು ಒಂಟಿಯಾಗಿ ಗೆಲ್ಲುವುದಿಲ್ಲ. ಮೊದಲ ದಿನಗಳಲ್ಲಿ ಬರೀ ಈ ಕಿಣ್ವವನ್ನೇ ಕೊಟ್ಟಾಗ ಕಾಯಿಲೆ ಹಿಮ್ಮೆಟ್ಟಿತು, ಆದರೆ ಮತ್ತೆ ಮರಳಿತು. ಕ್ಯಾನ್ಸರ್ ಕೋಶಗಳು ಆಸ್ಪ್ಯಾರಜಿನ್ ತಯಾರಿಸುವುದನ್ನು ಕಲಿತುಬಿಟ್ಟವು. ವಿನ್‌ಕ್ರಿಸ್ಟಿನ್, ಸ್ಟಿರಾಯ್ಡ್ ಮುಂತಾದ ಔಷಧಿಗಳ ಜೊತೆ ಸೇರಿಸಿದ ಮೇಲೆಯೇ ನಿಜವಾದ ಫಲ ಸಿಕ್ಕಿದ್ದು.

ಹಾಗಾದರೆ ಅಪ್ಪನಿಗೆ ಈ ಇಂಜೆಕ್ಷನ್ ಕೊಡಿಸಬಹುದಾ? ಇಲ್ಲ. ಕರುಳು, ಲಿವರ್, ಪುಪ್ಪುಸದಂಥ ಅಂಗಗಳಲ್ಲಿ ಬೆಳೆಯುವ ಗಡ್ಡೆಗಳು ಸಾಮಾನ್ಯವಾಗಿ ಆಸ್ಪ್ಯಾರಜಿನನ್ನು ತಾವೇ ಮಾಡಿಕೊಳ್ಳುತ್ತವೆ. ಇಂಥ ಕ್ಯಾನ್ಸರ್‌ಗಳಲ್ಲೂ ಆಸ್ಪ್ಯಾರಜಿನೇಸ್ ಪ್ರಯೋಗ ಮಾಡಿದ್ದಾರೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಕೆಂಪು ರಕ್ತಕಣದೊಳಗೆ ಈ ಕಿಣ್ವ ತುಂಬಿ ಕೊಡುವ ಜಾಣ ಉಪಾಯವೊಂದಿತ್ತು. ಕಿಣ್ವ ಕಣದೊಳಗೇ ಇದ್ದರೆ ಅಲರ್ಜಿ ಕಡಿಮೆ ಎಂಬ ಲೆಕ್ಕಾಚಾರ. 2021ರಲ್ಲಿ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ರೋಗಿಗಳ ಆಯುಷ್ಯ ಹೆಚ್ಚಲಿಲ್ಲ.

ಆರ್ಜಿನಿನ್ ಎಂಬ ಇನ್ನೊಂದು ಅಮೈನೊ ಆಮ್ಲದ ಕಥೆ ಹೆಚ್ಚು ಕುತೂಹಲದ್ದು. ಕೆಲವು ಗಡ್ಡೆಗಳು ಆರ್ಜಿನಿನ್ ತಯಾರಿಸುವ ಶಕ್ತಿ ಕಳೆದುಕೊಂಡಿರುತ್ತವೆ. ಹಾಗಾಗಿ ರಕ್ತದ ಆರ್ಜಿನಿನ್ ಒಡೆಯುವ ಪೆಗಾರ್ಜಿಮಿನೇಸ್ ಎಂಬ ಔಷಧಿ ಮಾಡಿದರು. ಲಿವರ್ ಕ್ಯಾನ್ಸರ್‌ನಲ್ಲಿ 635 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಔಷಧಿ ಕೊಟ್ಟ ಗುಂಪಿನ ಆಯುಷ್ಯದ ಮಧ್ಯಮ ಅಂಕಿ 7.8 ತಿಂಗಳು, ಕೊಡದವರದ್ದು 7.4. ಏನೂ ವ್ಯತ್ಯಾಸವಿಲ್ಲ ಎಂದೇ ಅರ್ಥ. ಆದರೆ ಕಲ್ನಾರಿನ ಧೂಳಿನಿಂದ ಪುಪ್ಪುಸದ ಹೊದಿಕೆಗೆ ಬರುವ ಮೀಸೊಥೀಲಿಯೋಮ ಎಂಬ ಕ್ಯಾನ್ಸರ್‌ನಲ್ಲಿ ಇದೇ ಔಷಧಿಯನ್ನು ಕೀಮೋ ಜೊತೆ ಕೊಟ್ಟಾಗ 7.7 ತಿಂಗಳು 9.3 ಆಯಿತು. ಹೆಚ್ಚಿದ್ದು ಒಂದೂವರೆ ತಿಂಗಳು. ದೊಡ್ಡದಲ್ಲ ಎನಿಸಬಹುದು. ಆದರೆ ಬೇರೆ ದಾರಿಗಳೇ ಕಡಿಮೆ ಇರುವ ಕಾಯಿಲೆಯಲ್ಲಿ ಇದು ನಿಜವಾದ ಹೆಜ್ಜೆ. ಒಂದೇ ಔಷಧಿ ಒಂದು ಕಡೆ ಸೋತಿತು, ಇನ್ನೊಂದು ಕಡೆ ಸ್ವಲ್ಪ ಗೆದ್ದಿತು. ಯಾವ ಗಡ್ಡೆಗೆ ಯಾವುದರ ಕೊರತೆ ಎಂದು ಹುಡುಕುವುದರಲ್ಲೇ ಈ ವಿದ್ಯೆಯ ಜೀವ ಇದೆ.

ಗಡ್ಡೆಗಳೂ ಸುಮ್ಮನೆ ಕೂರುವುದಿಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕೋಶಗಳು ಏನು ಮಾಡುತ್ತವೆ ಎಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಕೋಶ ತನ್ನ ಹೊರ ಅಂಚನ್ನು ಚಾಚಿ, ಸುತ್ತಲಿನ ದ್ರವವನ್ನು ಅದರಲ್ಲಿರುವ ಅಲ್ಬುಮಿನ್ ಸಮೇತ ಗುಟುಕರಿಸುತ್ತದೆ. ಒಳಗೆ ಅದನ್ನು ಜೀರ್ಣಿಸಿ ಬೇಕಾದ ಅಮೈನೊ ಆಮ್ಲ ತೆಗೆದುಕೊಳ್ಳುತ್ತದೆ. ಇನ್ನು ಕೆಲವು ಕೋಶಗಳು ತಮ್ಮದೇ ಹಳೆಯ ಭಾಗಗಳನ್ನು ತಿಂದು ದಿನ ದೂಡುತ್ತವೆ. ಹಸಿವನ್ನು ತಡೆದುಕೊಳ್ಳುವ ವಿಷಯದಲ್ಲಿ ಕೀಮೋದಿಂದ ಬಳಲಿದ 62 ವರ್ಷದ ಮನುಷ್ಯನಿಗಿಂತ ಗಡ್ಡೆಯ ಕೈ ಮೇಲು. ಇನ್ನೊಂದು ಮಾತು. ಕ್ಯಾನ್ಸರ್ ಕೋಶವನ್ನು ಗುರುತಿಸಿ ಕೊಲ್ಲುವ ನಮ್ಮ ಬಿಳಿ ರಕ್ತಕಣಗಳಿಗೂ ಆರ್ಜಿನಿನ್, ಗ್ಲುಟಮಿನ್ ಎಲ್ಲ ಬೇಕು. ಎಲ್ಲವನ್ನೂ ಒಟ್ಟಿಗೆ ಕಡಿತ ಮಾಡಿದರೆ ನಮ್ಮ ಕಡೆಯ ಸೈನ್ಯವೇ ಉಪವಾಸ ಬೀಳುತ್ತದೆ.

ಇನ್ನು ಅಣ್ಣ ನೋಡಿದ ವಿಡಿಯೊ. ಅದರಲ್ಲಿ ಊಟದ ಮಾತು ಬಂದಿದ್ದರೆ, ಅದರ ಹಿಂದೆ ಇರುವುದು ಬಹುಶಃ ಈ ಮೂರು ಇಲಿ ಸಂಶೋಧನೆಗಳಲ್ಲಿ ಒಂದು. 2017ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಸೆರಿನ್ ಮತ್ತು ಗ್ಲೈಸಿನ್ ಎಂಬ ಎರಡು ಅಮೈನೊ ಆಮ್ಲ ಇಲ್ಲದ ಆಹಾರ ಕೊಟ್ಟಾಗ, ಕರುಳಿನ ಗಡ್ಡೆ ಮತ್ತು ಲಿಂಫೋಮ ಇದ್ದ ಕೆಲವು ಇಲಿಗಳು ಹೆಚ್ಚು ದಿನ ಬದುಕಿದವು. ಬೇರೆ ಬಗೆಯ ಜೀನ್ ದೋಷದಿಂದ ಬಂದ ಗಡ್ಡೆಗಳು ಅದಕ್ಕೆ ಅಷ್ಟಾಗಿ ಬಗ್ಗಲಿಲ್ಲ. 2018ರಲ್ಲಿ, ಆಸ್ಪ್ಯಾರಜಿನ್ ಕಡಿಮೆ ಮಾಡಿದರೆ ಇಲಿಗಳಲ್ಲಿ ಸ್ತನ ಕ್ಯಾನ್ಸರ್ ಬೇರೆ ಕಡೆ ಹರಡುವುದು ತಗ್ಗುತ್ತದೆ ಎಂದು ತಿಳಿದುಬಂತು. 2019ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಕಡಿಮೆಯಿರುವ ಆಹಾರ ಕೊಟ್ಟು ನೋಡಿದರು. ಮನುಷ್ಯರಿಂದ ತೆಗೆದ ಕರುಳಿನ ಗಡ್ಡೆಯನ್ನು ಇಲಿಗಳಲ್ಲಿ ಬೆಳೆಸಿದ್ದರು. ಆ ಆಹಾರದ ಜೊತೆ 5-ಫ್ಲೂರೋಯುರಾಸಿಲ್ ಎಂಬ ಕೀಮೋ ಔಷಧಿ ಕೊಟ್ಟಾಗ ಔಷಧಿಯ ಪರಿಣಾಮ ಹೆಚ್ಚಿತು. ನಿಮ್ಮ ತಂದೆಯವರಿಗೆ ಕೊಡುತ್ತಿರುವ ಕೀಮೋದಲ್ಲೂ ಇದೇ ಔಷಧಿ, ಅಥವಾ ಇದರ ಮಾತ್ರೆ ರೂಪವಾದ ಕೆಪೆಸಿಟಬಿನ್, ಇರುವ ಸಾಧ್ಯತೆ ಹೆಚ್ಚು. ಹಾಗಾಗಿ ಅಣ್ಣನಿಗೆ ಆಸೆ ಹುಟ್ಟಿದ್ದು ನನಗೆ ಅರ್ಥವಾಗುತ್ತದೆ. ಇವು ಒಳ್ಳೆಯ ಸಂಶೋಧನೆಗಳು, ಮುಂದೆ ಇದರಿಂದ ಏನಾದರೂ ಬರಲಿ ಎಂದು ನಾನೂ ಕಾಯುತ್ತಿದ್ದೇನೆ.

ಆದರೆ ಆ ಇಲಿಗಳು ಏನು ತಿಂದವು ಎಂದು ನೋಡಿ. ಅವುಗಳಿಗೆ ಗಂಜಿ ಕೊಟ್ಟಿರಲಿಲ್ಲ. ಪ್ರಯೋಗಾಲಯದಲ್ಲಿ ಒಂದೊಂದೇ ಅಮೈನೊ ಆಮ್ಲವನ್ನು ಪುಡಿಯಾಗಿ ತೂಗಿ ಬೆರೆಸಿದ ಆಹಾರ ಅದು. ಒಂದೋ ಎರಡೋ ಮಾತ್ರ ಕಡಿಮೆ, ಉಳಿದದ್ದೆಲ್ಲ ಭರ್ತಿ. ಇಲಿ ಹೊಟ್ಟೆ ತುಂಬ ಉಂಡಿದೆ. ಡ್ಯೂಕ್‌ನವರು ಮನುಷ್ಯರಲ್ಲೂ ನೋಡಿದರು. ಆರು ಜನ, ಎಲ್ಲರೂ ಆರೋಗ್ಯವಂತರು, ಮೂರು ವಾರ. ಅವರ ರಕ್ತದಲ್ಲಿ ಇಲಿಗಳಲ್ಲಿ ಕಂಡಂಥ ಬದಲಾವಣೆ ಕಂಡಿತು. ಅವರಲ್ಲಿ ಯಾರಿಗೂ ಕ್ಯಾನ್ಸರ್ ಇರಲಿಲ್ಲ.

ಮನೆಯ ಊಟದಲ್ಲಿ ಒಂದೇ ಅಮೈನೊ ಆಮ್ಲವನ್ನು ಆರಿಸಿ ತೆಗೆಯಲು ಬರುವುದಿಲ್ಲ. ಬೇಳೆಯಲ್ಲಿ ಮೆಥಿಯೊನಿನ್ ಕಡಿಮೆ, ಅಕ್ಕಿಯಲ್ಲಿ ಅದು ಸಾಕಷ್ಟಿದೆ. ನೀವು ಈಗ ಬೇಳೆ ನಿಲ್ಲಿಸಿ ಅಕ್ಕಿ ಕೊಡುತ್ತಿದ್ದೀರಿ! ಹುಟ್ಟಿನಿಂದಲೇ ಬರುವ ಫೀನೈಲ್‌ಕೀಟೋನ್ಯೂರಿಯ ಎಂಬ ಕಾಯಿಲೆ ಇದೆ. ಅದರಲ್ಲಿ ಫೀನೈಲಲನಿನ್ ಎಂಬ ಅಮೈನೊ ಆಮ್ಲವೊಂದನ್ನು ಊಟದಲ್ಲಿ ತಗ್ಗಿಸಲೇಬೇಕು. ಆ ಮಕ್ಕಳಿಗೆ ಅದೊಂದಿಲ್ಲದ ವಿಶೇಷ ಪ್ರೋಟೀನ್ ಪುಡಿ ಕೊಡುತ್ತಾರೆ, ಆಹಾರತಜ್ಞರು ಗ್ರಾಂ ಲೆಕ್ಕದಲ್ಲಿ ಊಟ ಹಾಕಿಕೊಡುತ್ತಾರೆ, ಆಗಾಗ ರಕ್ತ ಪರೀಕ್ಷೆ ಮಾಡುತ್ತಾರೆ. ಒಂದನ್ನು ತಗ್ಗಿಸಲು ಇಷ್ಟು ಸಿದ್ಧತೆ ಬೇಕು.

ನಂಜಿನ ಮಾತಿಗೆ ಬರುತ್ತೇನೆ. ಕರಾವಳಿಯಲ್ಲಿ ಗಾಯ ಆದರೆ, ಆಪರೇಷನ್ ಆದರೆ ಮೀನು, ಬದನೆಕಾಯಿ ನಂಜು ಎಂದು ಬಿಡಿಸುವುದು ಹಿಂದಿನಿಂದ ಬಂದದ್ದು. ಸೋದರತ್ತೆ ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ಮೀನಿನಿಂದ ಆಪರೇಷನ್ ಗಾಯ ಕೀವು ಕಟ್ಟುವುದಿಲ್ಲ, ಕ್ಯಾನ್ಸರ್ ಮರಳುವುದಿಲ್ಲ. ಗಾಯ ಮಾಯಲು ಪ್ರೋಟೀನೇ ಬೇಕು. ಅವರಿಗೆ ಮೀನಿನ ಅಲರ್ಜಿ ಇಲ್ಲದಿದ್ದರೆ ಧಾರಾಳವಾಗಿ ಕೊಡಿ. ತಾಜಾ ಇರಲಿ, ಪೂರ್ತಿ ಬೇಯಲಿ. ಅಘನಾಶಿನಿ ಹೊಳೆಯ ಬಳಚು ಚಿಪ್ಪು ನಿಮ್ಮ ಮನೆಯಲ್ಲೂ ಆಗುತ್ತಿರಬೇಕು. ಕೀಮೋ ಮುಗಿಯುವವರೆಗೆ ಚಿಪ್ಪಿನ ವಸ್ತುಗಳ ವಿಷಯದಲ್ಲಿ ಮಾತ್ರ ಎಚ್ಚರ. ಬಿಳಿ ರಕ್ತಕಣ ಇಳಿದಾಗ ಅರೆಬೆಂದ ಚಿಪ್ಪಿನಿಂದ ಸೋಂಕು ತಗಲುವ ಭಯವಿದೆ. ಒಣಮೀನು ಉಪ್ಪು ಜಾಸ್ತಿ, ಬಾಯಿಹುಣ್ಣಿದ್ದರೆ ಉರಿ ಬೇರೆ. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯದಿದ್ದಾಗ ಮೊಟ್ಟೆ, ಬೇಳೆ ಹೆಚ್ಚಿಸಿದರಾಯಿತು.

ಎಷ್ಟು ಕೊಡಬೇಕು? ಕ್ಯಾನ್ಸರ್ ರೋಗಿಗಳಿಗೆ ಯುರೋಪಿನ ಪೋಷಣಾ ತಜ್ಞರ ಸಂಘ ಹೇಳುವ ಪ್ರಕಾರ, ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಂಗಿಂತ ಹೆಚ್ಚು, ಆದರೆ 1.5 ಗ್ರಾಂವರೆಗೆ ಪ್ರೋಟೀನ್ ಬೇಕು. 55 ಕಿಲೋಗೆ ಅದು 55ರಿಂದ 80 ಗ್ರಾಂ ಆಗುತ್ತದೆ. ದಿನಕ್ಕೆ 150 ಗ್ರಾಂ ಅಕ್ಕಿಯ ಗಂಜಿಯಲ್ಲಿ ಸಿಗುವುದು ಹನ್ನೊಂದು ಹನ್ನೆರಡು ಗ್ರಾಂ. ಎಷ್ಟು ದೂರ ಉಳಿಯಿತು ನೋಡಿ. ಎರಡು ಮೊಟ್ಟೆಯಿಂದ ಹನ್ನೆರಡು ಗ್ರಾಂ ಬರುತ್ತದೆ. 50 ಗ್ರಾಂ ಬೇಳೆಯಿಂದ ಹನ್ನೊಂದು. ಹಾಲು, ಮೊಸರು ಸೇರಿ ಅರ್ಧ ಲೀಟರ್ ಹೋದರೆ ಹದಿನಾರು. ಮುಳ್ಳು ತೆಗೆದ ಮೀನು 100 ಗ್ರಾಂ ಹೋದರೆ ಹತ್ತಿರ ಹತ್ತಿರ ಇಪ್ಪತ್ತು. ಇದಕ್ಕೆ ಅನ್ನ, ದೋಸೆಯದ್ದು ಸೇರಿದರೆ ಎಪ್ಪತ್ತು ದಾಟುತ್ತದೆ. ಶಿರಸಿ, ಸಿದ್ದಾಪುರ ಕಡೆಯ ಸಸ್ಯಾಹಾರಿ ಮನೆಗಳಲ್ಲೂ ಹೆಸರುಬೇಳೆ, ಹಾಲು, ಮೊಸರು, ಪನೀರ್, ಶೇಂಗಾ ಸೇರಿಸಿ ಈ ಲೆಕ್ಕ ಮುಟ್ಟಬಹುದು. ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ, ಅವರು ಡಾಕ್ಟರನ್ನು ಕೇಳಬೇಕು.

ಕಾಗದದಲ್ಲಿ ಲೆಕ್ಕ ಹಾಕುವುದು ಸುಲಭ, ಕೀಮೋ ಆದವರ ಬಾಯಿಗೆ ಹೋಗುವುದು ಕಷ್ಟ. ಅದು ನನಗೆ ಗೊತ್ತು. ಗಂಜಿ ಇಷ್ಟವಾದರೆ ಗಂಜಿಯನ್ನೇ ಕೊಡಿ, ಬಿಡಿಸುವುದೇನೂ ಬೇಡ. ಅಕ್ಕಿಯ ಜೊತೆ ಹೆಸರುಬೇಳೆ ಹಾಕಿ ಒಟ್ಟಿಗೆ ಬೇಯಿಸಿ. ಬಡಿಸುವ ಮೊದಲು ಒಂದು ಮೊಟ್ಟೆ ಒಡೆದು ಕದಡಿ, ಬೆಂದು ಗಟ್ಟಿಯಾಗುವವರೆಗೆ ಕುದಿಸಿ. ಒಂದು ಚಮಚ ತುಪ್ಪ ಹಾಕಿ. ಬಂಗಡೆ, ತಾರ್ಲೆಯ ವಾಸನೆಗೆ ವಾಕರಿಕೆ ಬಂದರೆ ಕಾಣೆಯಂಥ ಮೆದು ಮೀನು ಕೊಡಿ. ಅಡುಗೆ ಮಾಡುವಾಗ ಅವರು ಜಗುಲಿಯಲ್ಲಿ ಕೂತಿರಲಿ, ವಾಸನೆ ಒಳಗೇ ಉಳಿಯಲಿ. ಬಾಯಿ ಸಪ್ಪೆಯೆಂದರೆ ಹುಣ್ಣಿಲ್ಲದ ದಿನ ಅಪ್ಪೆಹುಳಿ ಅಥವಾ ಮುರುಗಲು ಸಾರು ಕೊಟ್ಟು ನೋಡಿ, ಹುಳಿ ತಾಗಿದರೆ ಬಾಯಿ ಸ್ವಲ್ಪ ತೆರೆಯುತ್ತದೆ. ದೊಡ್ಡ ಬಟ್ಟಲು ನೋಡಿದರೆ ಗಾಬರಿಯಾಗುತ್ತದೆ, ಎರಡು ಗಂಟೆಗೊಮ್ಮೆ ಚಿಕ್ಕ ಬಟ್ಟಲಲ್ಲಿ ಕೊಡಿ. ಅವರಿಗೆ ಆಕ್ಸಾಲಿಪ್ಲಾಟಿನ್ ಎಂಬ ಔಷಧಿ ಕೊಡುತ್ತಿದ್ದರೆ, ಡ್ರಿಪ್ ಆದ ಮೇಲೆ ಕೆಲವು ದಿನ ತಣ್ಣಗಿನದ್ದು ಏನೂ ಬೇಡ. ಫ್ರಿಜ್‌ನ ಮಜ್ಜಿಗೆ, ಐಸ್ ನೀರು ತಾಗಿದರೆ ಗಂಟಲು ಬಿಗಿದಂತಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಎಲ್ಲ ಬೆಚ್ಚಗಿರಲಿ.

ಒಂದೇ ದಿನಕ್ಕೆ ಪೂರ್ತಿ ತುಂಬಿಸಲು ಹೋಗಬೇಡಿ. ವಾರಗಟ್ಟಲೆ ಕಡಿಮೆ ಉಂಡ ದೇಹಕ್ಕೆ ಒಮ್ಮೆಲೇ ಜಾಸ್ತಿ ಹಾಕಿದರೆ ರಕ್ತದ ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ ದಿಢೀರ್ ಇಳಿದು ಹೃದಯಕ್ಕೆ ಅಪಾಯ ಆಗಬಹುದು. ನಾಲ್ಕೈದು ದಿನದಲ್ಲಿ ಮೆಲ್ಲಗೆ ಏರಿಸಿ. ಈ ಮೂರರ ರಕ್ತಪರೀಕ್ಷೆಯನ್ನು ಆಸ್ಪತ್ರೆಯಲ್ಲಿ ಕೇಳಿ ಮಾಡಿಸಿ. ಕಾಲು ಊದಿದರೆ, ಎದೆ ಡವಡವ ಎಂದರೆ, ಉಸಿರಾಟಕ್ಕೆ ಕಷ್ಟವಾದರೆ ಕಾಯಬೇಡಿ, ತಕ್ಷಣ ಹೋಗಿ.

ಕಷಾಯ ಇವತ್ತೇ ನಿಲ್ಲಿಸಿ. ಅದರಲ್ಲಿ ಏನೇನು ಬೇರು, ತೊಗಟೆ ಹಾಕುತ್ತಾರೆ ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದು, ಮುಂದಿನ ಸಲ ಡಾಕ್ಟರಿಗೆ ಕೊಡಿ. ಗಿಡಮೂಲಿಕೆ ಎಲ್ಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಕೀಮೋ ಔಷಧಿಗಳನ್ನು ಕರಗಿಸುವುದು ಲಿವರ್ ಮತ್ತು ಕಿಡ್ನಿ. ಕಷಾಯದ ಭಾರವೂ ಅಲ್ಲಿಗೇ ಬೀಳುತ್ತದೆ. ಲಿವರ್ ಪರೀಕ್ಷೆ ಏರುಪೇರಾದರೆ ಯಾವುದರಿಂದ ಆಯಿತು ಎಂದು ಹುಡುಕುವುದೇ ಕಷ್ಟ, ಅಷ್ಟರಲ್ಲಿ ಕೀಮೋ ನಿಲ್ಲಿಸಬೇಕಾಗುತ್ತದೆ.

ಅಣ್ಣನಿಗೆ ಇನ್ನೂ ಆಸೆ ಇದ್ದರೆ, ಅದಕ್ಕೆ ಒಂದು ದಾರಿ ಇದೆ. ಅಮೈನೊ ಆಮ್ಲ ಕಡಿಮೆ ಮಾಡುವ ಪ್ರಯೋಗಗಳು ಜಗತ್ತಿನಲ್ಲಿ ನಡೆಯುತ್ತಿವೆ. ಭಾರತದಲ್ಲಿ ನಡೆಯುವ ಔಷಧಿ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಾಯಿಸಲೇಬೇಕು, ಯಾರು ಬೇಕಾದರೂ ನೋಡಬಹುದು. ನಿಮ್ಮ ಆಸ್ಪತ್ರೆಯ ಕ್ಯಾನ್ಸರ್ ತಜ್ಞರನ್ನೂ, ಅಪ್ಪನ ಕಾಯಿಲೆಗೆ ಹೊಂದುವ ಪ್ರಯೋಗ ಇದೆಯಾ ಎಂದು ನೇರವಾಗಿ ಕೇಳಿ. ಅಲ್ಲಿ ತೂಕ ನೋಡುತ್ತಾರೆ, ರಕ್ತ ನೋಡುತ್ತಾರೆ, ಹಾನಿಯಾದರೆ ನಿಲ್ಲಿಸುತ್ತಾರೆ.

ಕೊನೆಯದಾಗಿ ತೂಕದ ವಿಷಯ, ಇದನ್ನು ತಡಮಾಡಬೇಡಿ. ಹೆಚ್ಚಿನ ಕೀಮೋ ಔಷಧಿಗಳ ಡೋಸ್ ಲೆಕ್ಕ ಹಾಕುವುದು ಎತ್ತರ ಮತ್ತು ತೂಕದಿಂದ. ಅವರ ಫೈಲಿನಲ್ಲಿ ಈಗಲೂ 61 ಕಿಲೋ ಎಂದೇ ಇದ್ದರೆ, 55 ಕಿಲೋ ದೇಹಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಔಷಧಿ ಹೋಗಬಹುದು. ಮುಂದಿನ ಕೀಮೋ ದಿನದವರೆಗೆ ಕಾಯದೆ ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಫೋನ್ ಮಾಡಿ ತೂಕ ಇಳಿದಿದ್ದನ್ನು ಹೇಳಿ. ಕೀಮೋಗೆ ಹೋದ ದಿನ ಅಲ್ಲೇ ಮತ್ತೆ ತೂಗಿಸಿ, ಹೊಸ ತೂಕವನ್ನು ಫೈಲಿನಲ್ಲಿ ಬರೆಸಿ, ಆಹಾರತಜ್ಞರನ್ನೂ ಅದೇ ದಿನ ಕಂಡು ಬನ್ನಿ. ಹೋಗುವಾಗ ಅಣ್ಣನನ್ನೂ ಕರೆದುಕೊಂಡು ಹೋಗಿ. ವಿಡಿಯೊ ತೋರಿಸಿ ಅವರಿಗೆ ಏನೇನು ಅನುಮಾನವಿದೆಯೋ ಅಲ್ಲೇ ಕೇಳಲಿ.